ನಮ್ಮವರು ಬೇರೆ ಸೂರಿನಡಿ ಮಲಗಿದ ವರ್ಷ

ನಮ್ಮೂರಿನಲ್ಲಿ ಒಂದು ಸೂರಿನ ಕೆಳಗೆ ಮಲಗಿದವರಿಗೆಲ್ಲ ಒಂದೇ ಕನಸು ಬೀಳುತ್ತದೆ. ಹಾಗಾಗಿ ನಮ್ಮ ಲಾಡ್ಜು ಬೇರೆ ಊರಿನ ಲಾಡ್ಜುಗಳ ಹಾಗೆ ಮಹಡಿ ಮೇಲೆ ಮಹಡಿ ಎತ್ತಿದ ಕಟ್ಟಡವಲ್ಲ. ದೊಡ್ಡದೊಂದು ಅಂಗಳ, ಒಂದು ಬದಿಗೆ ನಮ್ಮ ಮನೆ, ಸುತ್ತ ಒಂದಕ್ಕೊಂದು ತಾಗದಂತೆ ಕಟ್ಟಿದ ಸಣ್ಣ ಸಣ್ಣ ಹೆಂಚಿನ ಕೋಣೆಗಳು. ಬಟ್ಟೆ ವ್ಯಾಪಾರಿಯ ಕನಸು ಕೋರ್ಟು ಕೆಲಸಕ್ಕೆ ಬಂದವನಿಗೆ ಬೀಳಬಾರದಲ್ಲ. ಊರ ಆಸ್ಪತ್ರೆಯಲ್ಲೂ ಮಂಚಕ್ಕೊಂದರಂತೆ ತಗಡಿನ ಚಾವಣಿ ಇದೆ. ಚಿಕ್ಕ ಮನೆಯವರು ಏಳೆಂಟು ಜನ ಒಂದೇ ಕನಸಿನಲ್ಲಿ ಒತ್ತೊತ್ತಾಗಿ ನಿಂತು ರಾತ್ರಿ ಕಳೆಯುತ್ತಾರೆ. ಯಾರ ಮನಸ್ಸು ಹೆಚ್ಚು ಭಾರವಾಗಿರುತ್ತದೋ ಅವರ ಕನಸಿನೊಳಕ್ಕೆ ಉಳಿದವರು ಹೋಗಬೇಕು. ಬೆಳಿಗ್ಗೆ ಎದ್ದ ಮೇಲೆ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಅದು ಇಲ್ಲಿನ ಮರ್ಯಾದೆ.

ನಾನು ಹೊರಗಿನಿಂದ ಮದುವೆಯಾಗಿ ಬಂದವಳು. ಬಂದ ಹೊಸತರಲ್ಲಿ ಕಾಫಿ ಕುಡಿಯುತ್ತ, ರಾತ್ರಿ ಕಳೆದುಹೋದ ಎಮ್ಮೆ ಕೊನೆಗೂ ಸಿಕ್ಕಿತೇ ಎಂದು ಅತ್ತೆಯನ್ನು ಕೇಳಿಬಿಟ್ಟಿದ್ದೆ. ಅತ್ತೆ ನೀಲಮ್ಮ ಲೋಟ ಕೆಳಗಿಟ್ಟು ಎದ್ದು ಹೋದರು. ನಮ್ಮವರು ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, ನೋಡಿದ್ದನ್ನು ನೋಡಿಲ್ಲದವರ ಹಾಗೆ ಇರುವುದನ್ನು ಕಲಿಯಬೇಕು ಎಂದು ಮೆಲ್ಲಗೆ ಹೇಳಿಕೊಟ್ಟರು. ಕಲಿತೆ. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ಇನ್ನೊಂದು ಸೂರಿಗೆ ಹೋದಳು. ಮನೆಯಲ್ಲಿ ನಾವು ಮೂವರೇ ಉಳಿದೆವು. ಐವತ್ತು ದಾಟಿದ ಮೇಲೂ ನಮ್ಮವರು ನನ್ನ ಜೊತೆ ಹೊಸ ಮದುವಣಿಗನ ಹಾಗೇ ಇದ್ದರು. ಬಾವಿಯಿಂದ ನೀರು ಸೇದುವಾಗ ಹಾಡು ಹೇಳುತ್ತಿದ್ದರು. ಅತ್ತೆ ಸಂತೆಗೆ ಹೋದ ದಿನ ಅಂಗಡಿಗೆ ಹೊರಟವರು ಅರ್ಧ ದಾರಿಯಿಂದ ವಾಪಸು ಬರುತ್ತಿದ್ದರು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಇದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹಾಡು ನಿಂತಿತು. ಮೊದಮೊದಲು ನಾನು ಗಮನಿಸಲಿಲ್ಲ. ಆಮೇಲೆ ನಾನು ಪಕ್ಕಕ್ಕೆ ಸರಿದರೆ ಅವರು ಗೋಡೆ ಕಡೆ ತಿರುಗತೊಡಗಿದರು. ಸುಸ್ತು ಎನ್ನುವರು, ಸೊಂಟ ಹಿಡಿದಿದೆ ಎನ್ನುವರು. ನನ್ನ ಎದುರು ಬಟ್ಟೆ ಬದಲಿಸುವುದನ್ನೂ ಬಿಟ್ಟರು. ಹಾಗಿರುವಾಗ ಒಂದು ರಾತ್ರಿ ನಮಗೆ ಮೂವರಿಗೂ ಆ ಕನಸು ಬಿತ್ತು. ಊರ ಪೇಟೆಯಲ್ಲಿ ಹೊಗೆಯಂಥ ಬೆಳಕು. ನಮ್ಮವರು ಸುತ್ತಿದ ಜಮಖಾನೆಯೊಂದನ್ನು ಎರಡೂ ತೋಳಲ್ಲಿ ಅವಚಿಕೊಂಡು ಜನರ ನಡುವೆ ಹೋಗುತ್ತಿದ್ದಾರೆ. ಒಳಗೇನಿದೆ ತೋರಿಸು ಎಂದು ಎಲ್ಲರೂ ನಗುನಗುತ್ತಲೇ ಕೇಳುತ್ತಿದ್ದಾರೆ. ಅವರು ತೋರಿಸುವುದಿಲ್ಲ. ಪೇಟೆ ಮುಗಿಯುವುದೂ ಇಲ್ಲ. ಬೆಳಿಗ್ಗೆ ನಾನು ಎದ್ದಾಗ ನನ್ನ ತೋಳುಗಳು ಬಿದ್ದುಹೋಗುವಷ್ಟು ನೋಯುತ್ತಿದ್ದವು. ಅತ್ತೆ ರೊಟ್ಟಿ ತಟ್ಟುತ್ತ, ಯಾರ ಕಡೆಗೂ ನೋಡದೆ, ಜಮಖಾನೆ ಬಹಳ ಭಾರ ಎಂದರು. ಅಷ್ಟು ವರ್ಷದಲ್ಲಿ ಅವರು ಮರ್ಯಾದೆ ಮೀರಿ ಆಡಿದ ಮಾತು ಅದೊಂದೇ. ನಮ್ಮವರು ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದರು.

ಅಂದಿನಿಂದ ಅವರು ಲಾಡ್ಜಿನ ಕೊನೆಯ ಕೋಣೆಯಲ್ಲಿ ಮಲಗತೊಡಗಿದರು. ಬೆಳಗಿನ ಬಸ್ಸಿಗೆ ಬರುವ ಗಿರಾಕಿಗಳಿಗೆ ಗೇಟು ತೆಗೆಯಬೇಕಲ್ಲ ಎಂಬುದು ಅವರು ಕೊಟ್ಟ ಕಾರಣ. ನಮ್ಮೂರಿನಲ್ಲಿ ಗಂಡ ಬೇರೆ ಸೂರಿಗೆ ಹೋದನೆಂದರೆ ಅದಕ್ಕೆ ಒಂದೇ ಅರ್ಥ. ತನ್ನ ಕನಸಿಗೆ ಬರುವವಳನ್ನು ಹೆಂಡತಿ ನೋಡಬಾರದು ಎಂದು. ನೀರಿಗೆ ಹೋದಾಗ ಹೆಂಗಸರು ನನ್ನ ಮುಂದೆ ಮಾತು ಬದಲಿಸುತ್ತಿದ್ದರು. ಕೈಮಗ್ಗದ ಸೀರೆ ಮಾರಲು ತಿಂಗಳಿಗೊಮ್ಮೆ ಬಂದು ನಮ್ಮಲ್ಲೇ ಇಳಿದುಕೊಳ್ಳುತ್ತಿದ್ದ ಹೆಂಗಸೊಬ್ಬಳಿದ್ದಳು, ಬಲು ಸಾಧು. ಆಕೆಗೆ ನಾನು ಬಿಸಿನೀರು ಕೊಡುವುದನ್ನೇ ನಿಲ್ಲಿಸಿದೆ. ಆಕೆ ತಣ್ಣೀರಲ್ಲೇ ಸ್ನಾನ ಮಾಡಿ, ನನಗೆ ಮೈ ಸರಿಯಿಲ್ಲವೇನೋ ಎಂದು ವಿಚಾರಿಸಿ ಹೋದಳು.

ಒಂದು ದಿನ ಕೊನೆಯ ಕೋಣೆ ಗುಡಿಸುವಾಗ ದಿಂಬಿನ ಕೆಳಗೆ ಎಣ್ಣೆಯ ಸೀಸೆ ಸಿಕ್ಕಿತು. ಮುಚ್ಚಳ ತೆಗೆದರೆ ಘಾಟು, ಅದರ ಮೇಲೆ ಅಗ್ಗದ ಅತ್ತರಿನ ವಾಸನೆ. ಗಂಡಸು ಅತ್ತರು ಯಾರಿಗಾಗಿ ಹಚ್ಚಿಕೊಳ್ಳುತ್ತಾನೆ ಎಂದು ಯೋಚಿಸುತ್ತ ನಾನು ಆ ಮಂಚದ ಮೇಲೆ ಬಹಳ ಹೊತ್ತು ಕೂತೆ. ಅಳು ಬರಲಿಲ್ಲ. ಅವಳ ಮುಖ ಒಂದು ಸಲ ನೋಡಿಬಿಡಬೇಕು ಎನ್ನಿಸಿತು. ಅದಕ್ಕೆ ದಾರಿಯೂ ಇತ್ತು. ನಮ್ಮವರು ಮಧ್ಯಾಹ್ನ ಊಟವಾದ ಮೇಲೆ ಆ ಕೋಣೆಯಲ್ಲೇ ಒಂದು ನಿದ್ದೆ ತೆಗೆಯುತ್ತಿದ್ದರು. ಕೋಣೆಯ ಸೂರು ಮುಂದಕ್ಕೆ ಚಾಚಿ ಜಗಲಿಯ ಮೇಲೂ ಬರುತ್ತದೆ.

ಅವರು ಒಳಗೆ ಹೋಗಿ ಕದ ಹಾಕಿದ ಮೇಲೆ ನಾನು ಒಂದು ಮೊರ ಅವರೆಕಾಯಿ ತಂದು ಜಗಲಿಯ ಮೇಲೆ ಕೂತು ಸುಲಿಯತೊಡಗಿದೆ. ಚಳಿಗಾಲದ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಒಳಗಿನಿಂದ ಗೊರಕೆ ಕೇಳಿಸಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

ನಮ್ಮ ಬಚ್ಚಲುಮನೆ ಕೆರೆಯಷ್ಟು ಅಗಲವಾಗಿತ್ತು. ಹಂಡೆಯಿಂದ ಎದ್ದ ಆವಿ ಬೆಳ್ಳಕ್ಕಿಗಳ ಹಾಗೆ ತೊಲೆಯ ಮೇಲೆ ಸಾಲಾಗಿ ಕೂರುತ್ತಿತ್ತು. ನಮ್ಮವರು ಒದ್ದೆ ಕಲ್ಲಿನ ಮೇಲೆ ಬೆತ್ತಲೆ ಕೂತು ತಮ್ಮನ್ನೇ ನೋಡಿಕೊಳ್ಳುತ್ತಿದ್ದರು. ಅವರ ಅಂಗ ಎದ್ದು ನಿಂತಿತ್ತು, ಆದರೆ ನಡುವಿನಿಂದ ಮೇಲಕ್ಕೆ ಕುಡುಗೋಲಿನ ಹಾಗೆ ಬಾಗಿತ್ತು. ಬಾಗಿದ ಜಾಗದಲ್ಲಿ ಚರ್ಮದ ಕೆಳಗೆ ಗಟ್ಟಿಯಾದ್ದೇನೋ ಇತ್ತು. ನೋವು ಅವರದು, ಆದರೆ ನನಗೂ ಆಗುತ್ತಿತ್ತು. ಅವರ ಅಪ್ಪ, ನಾನು ಫೋಟೋದಲ್ಲಿ ಮಾತ್ರ ಕಂಡವರು, ಮೂಲೆಯಲ್ಲಿ ನಿಂತು ಮುಖ ಆಚೆ ತಿರುಗಿಸಿಕೊಂಡಿದ್ದರು. ಬಾಗಿಲು ಯಾರೋ ತಟ್ಟಿದರು. ಆಚೆ ಇದ್ದವಳು ನಾನೇ. ಅಷ್ಟು ಚೆಲುವಾಗಿ ನಾನು ಎಂದೂ ಇರಲಿಲ್ಲ. ನಗುತ್ತಿದ್ದೆ, ಬೇಗ ತೆಗೀರಿ ಎನ್ನುತ್ತಿದ್ದೆ. ನಮ್ಮವರು ಬೆನ್ನು ಕೊಟ್ಟು ಆ ಬಾಗಿಲನ್ನು ಒತ್ತಿ ಹಿಡಿದಿದ್ದರು. ಕಾಲು ಜಾರುತ್ತಿತ್ತು, ಆದರೂ ಬಿಡಲಿಲ್ಲ.

ಎಚ್ಚರವಾದಾಗ ಮೊರ ಮಗುಚಿ ಅವರೆಕಾಳು ಜಗಲಿಯ ತುಂಬ ಚೆಲ್ಲಿತ್ತು. ಕದ ತೆರೆದಿತ್ತು. ನಮ್ಮವರು ಹೊಸ್ತಿಲಲ್ಲಿ ನಿಂತು ನನ್ನನ್ನೂ ತಲೆಯ ಮೇಲಿನ ಸೂರನ್ನೂ ನೋಡುತ್ತಿದ್ದರು.

"ಎಷ್ಟು ನೋಡ್ದೆ?" ಎಂದರು.

"ಬಾಗಿಲ ತನಕ."

ಅವರು ಹೊಸ್ತಿಲು ದಾಟಿ ಬಂದು ನನ್ನ ಪಕ್ಕ ಕೂತರು. ಇಬ್ಬರೂ ಕಾಳು ಆರಿಸತೊಡಗಿದೆವು. ಮೊರಕ್ಕೆ ಕಾಳು ತುಂಬುತ್ತಿದ್ದ ಹಾಗೆ ಅವರ ಬಾಯಿಂದ ಒಂದೊಂದೇ ಮಾತು ಬಂತು. ಮೊದಲು ನೋವು ಶುರುವಾಗಿತ್ತಂತೆ, ಅದೂ ಅಂಗ ಎದ್ದಾಗ ಮಾತ್ರ. ಆಮೇಲೆ ಕೈಗೆ ಗಂಟು ಸಿಕ್ಕಿತಂತೆ. ವಾರ ವಾರಕ್ಕೂ ಬಾಗು ಹೆಚ್ಚಾಯಿತಂತೆ. ಕ್ಯಾನ್ಸರ್ ಇರಬೇಕು ಅಂದುಕೊಂಡಿದ್ದರು. ಒಮ್ಮೊಮ್ಮೆ, ಯಾವುದೋ ಪಾಪದ ಫಲ ಎಂದೂ. ಬಸ್ ನಿಲ್ದಾಣದ ಹಿಂದೆ ಡೇರೆ ಹಾಕಿಕೊಂಡು ಗುಪ್ತರೋಗಕ್ಕೆ ಬೇರು ಮಾರುವವನ ಹತ್ತಿರ ಹೋಗಿದ್ದರು. ಹರೆಯದ ಚಟದಿಂದ ನರ ಸುರುಟಿಕೊಂಡಿದೆ, ಈ ಎಣ್ಣೆ ಹಚ್ಚಿ ದಿನವೂ ಬಲವಾಗಿ ನೆಟ್ಟಗೆ ಎಳೆ ಎಂದನಂತೆ ಅವನು. ಎಳೆದರು. ಚರ್ಮ ಸುಟ್ಟಿತು, ನೋವು ಎರಡರಷ್ಟಾಯಿತು.

ಬೇರೆ ಹೆಂಗಸಿಲ್ಲ ಎಂದು ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ಇಷ್ಟು ತಿಂಗಳು ಈ ಮನುಷ್ಯ ಒಬ್ಬರೇ ಆ ಬಾಗಿಲು ಒತ್ತಿ ಹಿಡಿದಿದ್ದರಲ್ಲ.

"ನನ್ ಹತ್ರ ಹೇಳೋಕೆ ಏನಾಗಿತ್ರೀ ನಿಮ್ಗೆ?"

"ಹೇಳಿದ್ರೆ ನೀನು ಅಯ್ಯೋ ಪಾಪ ಅಂತೀಯಾ. ಅದು ನಂಗೆ ಬೇಡಾಗಿತ್ತು."

ಗುರುವಾರ ಊರ ಆಸ್ಪತ್ರೆಗೆ ಮೂತ್ರರೋಗದ ಡಾಕ್ಟರು ಬರುತ್ತಾರೆ. ಶಂಸುದ್ದೀನ್ ಎಂದು ಹೆಸರು, ಕೂದಲೆಲ್ಲ ನೆರೆತವರು, ಹೊರಗಿನವರು. ಅಲ್ಲಿಗೆ ಹೊರಡಿಸುವುದೇ ದೊಡ್ಡ ಕೆಲಸವಾಯಿತು. ಬೆಂಚಿನ ಮೇಲೆ ಐದಾರು ಗಂಡಸರು ಪೇಪರಿನ ಹಿಂದೆ ಮುಖವಿಟ್ಟುಕೊಂಡು ಕೂತಿದ್ದರು. ನಮ್ಮವರು ಒಬ್ಬರೇ ಒಳಗೆ ಹೋಗುತ್ತೇನೆ ಎಂದು ಹಟ ಹಿಡಿದರು. ಹೋದಷ್ಟೇ ಬೇಗ ಹೊರಗೆ ಬಂದರು, ಕೈಯಲ್ಲಿ ಮಾತ್ರೆಯ ಚೀಟಿ. ಏನಂದರು ಎಂದು ಕೇಳಿದೆ. ಆಸ್ಪತ್ರೆಯ ಅಂಗಳವನ್ನು ಬಿರಬಿರನೆ ದಾಟಿದರು. ಗೇಟಿನ ಹತ್ತಿರ, ಬೆನ್ನು ನೋವು ಎಂದು ಹೇಳಿ ಬಂದೆ ಎಂದರು. ನಾನು ಅವರ ತೋಳು ಹಿಡಿದು ವಾಪಸು ತಿರುಗಿಸಿದೆ. ಎಲ್ಲರೂ ನೋಡುತ್ತಿದ್ದಾರೆ ಎಂದರು. ನೋಡಲಿ ಎಂದೆ.

"ಡಾಕ್ಟ್ರೇ, ಇವ್ರಿಗೆ ನೋವಿರೋದು ಬೆನ್ನಲ್ಲಲ್ಲ. ಹೇಳೋಕೆ ನಾಚ್ಕೊಂಡು ಬಂದ್ರು," ಎಂದು ನಾನೇ ಹೇಳಿದೆ. ಮುಂದಿನದನ್ನೂ ಹೇಳಿದೆ, ಗಂಟು, ಬಾಗು, ಎಣ್ಣೆ ಎಲ್ಲ. ಡಾಕ್ಟರು ನಗಲಿಲ್ಲ, ನನ್ನನ್ನು ಹೊರಗೆ ಹೋಗೆಂದೂ ಅನ್ನಲಿಲ್ಲ. ಕೈ ತೊಳೆದು, ಪರದೆ ಎಳೆದು, ನಮ್ಮವರನ್ನು ಮಂಚದ ಮೇಲೆ ಮಲಗಿಸಿ ಪರೀಕ್ಷೆ ಮಾಡಿದರು. ಪರದೆಯ ಆಚೆಯಿಂದ ಅವರ ಪ್ರಶ್ನೆಗಳು ನನಗೆ ಕೇಳಿಸುತ್ತಿದ್ದವು. ಎಂದಿನಿಂದ, ಪೆಟ್ಟೇನಾದರೂ ಬಿದ್ದಿತ್ತೇ, ಬಾಗು ಈಗಲೂ ಬದಲಾಗುತ್ತಿದೆಯೇ, ಎದ್ದು ನಿಲ್ಲುವುದಕ್ಕೆ ಕಷ್ಟವಿದೆಯೇ, ಸಕ್ಕರೆ ಕಾಯಿಲೆ ಇದೆಯೇ. ಆಮೇಲೆ ಅಂಗೈ ಕೊಡಿ ಎಂದು ಅದನ್ನೂ ಒತ್ತಿ ನೋಡಿ, ಮನೆಯಲ್ಲಿ ಯಾರಿಗಾದರೂ ಬೆರಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತಿತ್ತೇ ಎಂದರು. ಅಪ್ಪನಿಗೆ ಕಿರುಬೆರಳು ಹಾಗಿತ್ತು ಎಂದು ನಮ್ಮವರು ಬೆರಗಿನಿಂದ ಹೇಳಿದರು. ಕೆಲವು ಮನೆತನಗಳಲ್ಲಿ ಎರಡೂ ಕಾಣಿಸುತ್ತವೆ ಎಂದರು ಡಾಕ್ಟರು.

ಪರದೆ ಸರಿಸಿ ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡರು. "ನೋಡಿ ರುದ್ರಮುನಿಯವರೇ, ಇದಕ್ಕೆ ಪೆರೋನಿ ಕಾಯಿಲೆ ಅಂತಾರೆ. ಕ್ಯಾನ್ಸರ್ ಅಲ್ಲ. ನಿಮ್ಮಿಂದ ಇವರಿಗೆ ಅಂಟಲ್ಲ. ನೀವು ಮಾಡಿದ ಯಾವ ತಪ್ಪಿಗೂ ಬಂದದ್ದಲ್ಲ. ನಿಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಬರುತ್ತೆ, ಯಾರೂ ಬಾಯಿ ಬಿಡಲ್ಲ ಅಷ್ಟೆ." ಒಳಗಿನ ಪೊರೆಯಲ್ಲಿ ಗಾಯದ ಕಲೆಯಂಥದು ಕಟ್ಟಿದೆ, ಉಳಿದದ್ದು ಹಿಗ್ಗಿದಾಗ ಅದೊಂದು ಜಾಗ ಹಿಗ್ಗುವುದಿಲ್ಲ, ಹಾಗಾಗಿ ಅತ್ತ ಬಾಗುತ್ತದೆ ಎಂದು ತಮ್ಮ ಅಂಗಿಯ ತೋಳಿಗೆ ಒಂದು ಪಟ್ಟಿ ಅಂಟಿಸಿ, ಎಳೆದು ತೋರಿಸಿದರು. ತೋಳು ಒಂದು ಕಡೆಗೆ ಸೊಟ್ಟಗಾಯಿತು. ನಮ್ಮವರು ಆ ತೋಳನ್ನೇ ನೋಡುತ್ತಿದ್ದರು. ಅವರ ಮುಖದಿಂದ ಏನೋ ಇಳಿದು ಹೋಗುವುದು ನನಗೆ ಕಂಡಿತು.

ಪೂರ್ತಿ ಮೊದಲಿನ ಹಾಗೆ ಆಗುತ್ತದೆಯೇ ಎಂದು ಅವರು ಕೇಳಿದರು. ಹಾಗಂತ ಮಾತು ಕೊಡುವುದಿಲ್ಲ ಎಂದರು ಡಾಕ್ಟರು. ನೋವು ಹೋಗುತ್ತದೆ, ಬಾಗು ಕೆಲವರಿಗೆ ಕಡಿಮೆಯಾಗುತ್ತದೆ, ಬಹಳ ಜನಕ್ಕೆ ಹಾಗೇ ನಿಲ್ಲುತ್ತದೆ. ಈಗ ಅದು ಇನ್ನೂ ಬದಲಾಗುತ್ತಿರುವ ಕಾಲ, ಕತ್ತಿ ಹಾಕುವ ಮಾತೇ ಇಲ್ಲ. ಎಣ್ಣೆ ಎಸೆಯಬೇಕು, ಬಲವಂತವಾಗಿ ಎಳೆಯಬಾರದು. ಸ್ಕ್ಯಾನಿಂಗ್ ಆಗಬೇಕು, ರಕ್ತ ಪರೀಕ್ಷೆ ಆಗಬೇಕು, ಜೊತೆಗೆ ಬಾಗು ಎಷ್ಟಿದೆ ಎಂದು ತಿಳಿಯಲು ಎದ್ದಾಗ ಮನೆಯಲ್ಲೇ ಒಂದು ಫೋಟೋ ತೆಗೆದು ತರಬೇಕು.

ಆ ಫೋಟೋ ತೆಗೆದದ್ದು ನಾನು. ಹಾಡುಹಗಲು, ಕೊನೆಯ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಒಂದು ರಂಧ್ರದಿಂದ ಬರುವ ಬೆಳಕಿನಲ್ಲಿ. ಅದು ಏಳುವ ಲಕ್ಷಣವೇ ಇರಲಿಲ್ಲ. ಫೋನ್ ಹಿಡಿದು ನಾನು ನಿಂತೇ ನಿಂತೆ, ನಮ್ಮವರು ಕಣ್ಣು ಮುಚ್ಚಿ ಪರೀಕ್ಷೆಗೆ ಕೂತ ಹುಡುಗನ ಹಾಗೆ ಒದ್ದಾಡಿದರು. ಕೊನೆಗೆ ನಾನು ಫೋನ್ ಕೆಳಗಿಟ್ಟು ಅವರ ಪಕ್ಕ ಹೋಗಿ ಕೂತೆ. ಆಮೇಲೆ ತಡವಾಗಲಿಲ್ಲ. ಫೋನ್ ಎಲ್ಲಿಟ್ಟೆನೆಂದು ಇಬ್ಬರೂ ಆ ಮಬ್ಬಿನಲ್ಲಿ ತಡಕಾಡಿದೆವು. ತೆಗೆದ ಮೊದಲ ಫೋಟೋದಲ್ಲಿ ನನ್ನ ಹೆಬ್ಬೆರಳು ಮಾತ್ರ ಬಂದಿತ್ತು. ಅದನ್ನು ನೋಡಿ ನಮ್ಮವರು ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕದ್ದು, ಕೆಮ್ಮು ಬರುವಷ್ಟು ನಕ್ಕರು. ಕುಡುಗೋಲು ಎಂದು ನಾನು ಹೆದರಿದ್ದೆನಲ್ಲ, ಬೆಳಕಿನಲ್ಲಿ ನೋಡಿದಾಗ ಅದು ಇವರದೇ ಮೈಯ ಒಂದು ಭಾಗ, ಅಷ್ಟೇ ಅನ್ನಿಸಿತು.

ರಕ್ತದಲ್ಲಿ ಸಕ್ಕರೆ ಸ್ವಲ್ಪ ಹೆಚ್ಚಿತ್ತು, ಅದಕ್ಕೆ ಮಾತ್ರೆ ಶುರುವಾಯಿತು. ಗಂಟಿನೊಳಕ್ಕೇ ಸೂಜಿ ಹಾಕುವ ಚಿಕಿತ್ಸೆಯನ್ನು ಡಾಕ್ಟರು ಕೆಲವು ಸಲ ಮಾಡಿದರು. ಆ ಗುರುವಾರಗಳಲ್ಲಿ ನಮ್ಮವರು ನೀರಿನಲ್ಲಿ ನಡೆಯುವವರ ಹಾಗೆ ಮನೆಗೆ ಬರುತ್ತಿದ್ದರು. ಮೆಲ್ಲಗೆ ಎಳೆದು ಹಿಡಿಯುವ ಒಂದು ಸಾಧನವನ್ನು ದೂರದ ಊರಿಂದ ತರಿಸಿಕೊಟ್ಟು, ದಿನವೂ ಕೆಲವು ಗಂಟೆ ಹಾಕಿಕೊಳ್ಳಬೇಕೆಂದರು. ಅದನ್ನು ಹಾಕಿಕೊಂಡು ನಮ್ಮವರು ಕೋಣೆಯಲ್ಲಿ ಲುಂಗಿ ಹರವಿ ರಾಜರ ಹಾಗೆ ಕೂತಿರುತ್ತಿದ್ದರು. ಬೇಸರವಾಗಿ ಬಿಸಾಡಿದ್ದೂ ಉಂಟು. ನಾನು ಮತ್ತೆ ಎತ್ತಿಟ್ಟದ್ದೂ ಉಂಟು. ಬೇಸಿಗೆ ಏರುವ ಹೊತ್ತಿಗೆ ನೋವು ಹೋಯಿತು. ಬಾಗು ಸ್ವಲ್ಪ ಇಳಿದು ಅಲ್ಲೇ ನಿಂತಿತು.

ಆದರೂ ಅವರು ಮನೆಗೆ ಮಲಗಲು ಬರಲಿಲ್ಲ. ನಾನು ಕೊನೆಯ ಕೋಣೆಗೆ ಹೋಗುತ್ತೇನೆಂದರೆ, ಅತ್ತೆ ಒಬ್ಬರೇ ಆಗುತ್ತಾರೆ ಬೇಡ ಎನ್ನುವರು. ನೀವೇ ಬನ್ನಿ ಎಂದರೆ ಅವರ ಮುಖ ಇಳಿಯುತ್ತಿತ್ತು. ಹೆಂಡತಿಗೆ ಗೊತ್ತಾದದ್ದು ಒಂದು, ಹೆತ್ತ ತಾಯಿ ಇಂಥ ಕನಸಿಗೆ ಬಂದು ನಿಲ್ಲುವುದು ಇನ್ನೊಂದು.

ದಾರಿ ಅತ್ತೆಯೇ ಕಂಡುಕೊಂಡರು. ಒಂದು ಸಂಜೆ ನಾನು ಹೂ ಕಟ್ಟುತ್ತ ಕೂತಿದ್ದಾಗ ತಮ್ಮ ಚಾಪೆ, ಕೌದಿ, ಎಲೆಯಡಿಕೆ ಡಬ್ಬಿ ಎಲ್ಲ ಎತ್ತಿಕೊಂಡು ಅಂಗಳ ದಾಟತೊಡಗಿದರು. ಎಲ್ಲಿಗೆ ಎಂದು ಕೇಳಿದೆ. ಮನೆಯ ಕಲ್ಲು ಹಾಸು ಮಂಡಿಗೆ ಥಂಡಿ ಹಿಡಿಸುತ್ತದೆ, ಬಾವಿ ಪಕ್ಕದ ಕೋಣೆಯದು ಮಣ್ಣಿನ ನೆಲ, ಇನ್ನು ಅಲ್ಲೇ ಮಲಗುತ್ತೇನೆ ಎಂದರು. ಎಪ್ಪತ್ತೈದು ದಾಟಿದವರು, ಹುಟ್ಟಿದಾಗಿನಿಂದ ಒಬ್ಬರೇ ಒಂದು ಸೂರಿನಡಿ ಮಲಗಿದವರಲ್ಲ. ನಾನು ಕೌದಿ ಹಿಡಿದು ತಡೆದೆ. ಅವರು ಅದನ್ನು ಬಿಡಿಸಿಕೊಂಡು, "ಬಿಡೇ ಹಾಲಮ್ಮ. ಅವ್ನು ಹುಟ್ಟಿದಾಗ ಮೈಯೆಲ್ಲ ನೋಡಿದೋಳು ನಾನೇ. ಈಗ ನೋಡ್ಬೇಕಾಗಿರೋಳು ನೀನು," ಎಂದರು. ಕೋಣೆಯ ಕದ ಹಾಕಿಕೊಂಡರು. ನಮ್ಮವರು ಬಾವಿಯ ಹತ್ತಿರ ಕೊಡ ಹಿಡಿದು ನಿಂತಿದ್ದರು. ಅವರಿಗೂ ಕೇಳಿಸಿತ್ತು. ಕೊಡ ಓರೆಯಾಗಿ ನೀರು ಚೆಲ್ಲಿ ಕಾಲು ತೊಯ್ದರೂ ಅವರಿಗೆ ಗೊತ್ತಾಗಲಿಲ್ಲ.

ಅಂದು ಅವರು ಹಾಸಿಗೆ ಮನೆಗೆ ತಂದರು. ಎಲ್ಲವೂ ಮೊದಲಿನ ಹಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಬಗೆಯಲ್ಲಿ ಆಗುತ್ತಿರಲಿಲ್ಲ, ಕೆಲವು ಬಗೆಯಲ್ಲಿ ಆಗುತ್ತಿತ್ತು. ಹುಡುಕಿಕೊಳ್ಳಬೇಕಾಯಿತು, ಕೇಳಿಕೊಳ್ಳಬೇಕಾಯಿತು. ಇಷ್ಟು ವರ್ಷ ಮಾತಿಲ್ಲದೆ ನಡೆದದ್ದಕ್ಕೆ ಈಗ ಮಾತು ಬೇಕಾಯಿತು. ಒಂದು ವಾರದ ಮೇಲೆ ಅತ್ತೆಯನ್ನು ವಾಪಸು ಕರೆಯಲು ಹೋದರೆ ಅವರು ಬರಲೊಪ್ಪಲಿಲ್ಲ. ಅಲ್ಲಿ ಅವರಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತಂತೆ. ಬೆಳಿಗ್ಗೆ ಎದ್ದಾಗ ಅವರ ಮುಖದಲ್ಲಿ ನಾನು ಹಿಂದೆ ಕಾಣದ ಒಂದು ಗುಟ್ಟಿನ ಕಳೆಯಿರುತ್ತಿತ್ತು. ನಾನು ಕೇಳಲಿಲ್ಲ.

ಮುಂದಿನ ಚಳಿಗಾಲದಲ್ಲಿ ಡಾಕ್ಟರು ಮತ್ತೆ ಅಳೆದು ನೋಡಿ, ಬಾಗು ಬಹಳ ತಿಂಗಳಿಂದ ಬದಲಾಗಿಲ್ಲ, ಬೇಕಿದ್ದರೆ ಈಗ ಆಪರೇಷನ್ ಮಾಡಬಹುದು ಎಂದರು. ನೆಟ್ಟಗಾಗುತ್ತದೆ, ಆದರೆ ಉದ್ದ ಸ್ವಲ್ಪ ಕಡಿಮೆಯಾಗಬಹುದು. ಸ್ಪರ್ಶವೂ ಕೆಲವರಿಗೆ ಮಂಕಾಗುತ್ತದೆ. ಇಬ್ಬರ ಜೀವನ ನಡೆಯದಿದ್ದರೆ ಮಾತ್ರ ಮಾಡುವ ಕೆಲಸ ಅದು. ನಮ್ಮವರು ನನ್ನ ಮುಖ ನೋಡಲಿಲ್ಲ, ನೆಲ ನೋಡಲಿಲ್ಲ. ಡಾಕ್ಟರ ಕಣ್ಣಿಗೇ ಕಣ್ಣಿಟ್ಟು, "ನಡೀತಾ ಇದೆ ಡಾಕ್ಟ್ರೇ," ಎಂದರು. ಆಮೇಲೆ ಕಿವಿ ಕೆಂಪಾಯಿತು. ಹಾಗಾದರೆ ಮುಂದಿನ ವರ್ಷ ಸುಮ್ಮನೆ ಒಂದು ಸಲ ಬಂದು ತೋರಿಸಿ ಎಂದು ಡಾಕ್ಟರು ಎದ್ದು ನಿಂತು ಅವರ ಕೈ ಕುಲುಕಿದರು.

ವಾಪಸು ಬರುವಾಗ ನೇರ ಮನೆಗೆ ಹೋಗದೆ ಊರಾಚೆಯ ಗುಡ್ಡ ಹತ್ತಿ, ಹುಲ್ಲಿನ ಇಳಿಜಾರಿನಲ್ಲಿ ಕೂತು ಬುತ್ತಿ ತಿಂದೆವು. ಸುತ್ತ ಒಂದು ಮರವೂ ಇಲ್ಲದ ಬಯಲು. ಬಯಲಿನಲ್ಲಿ ಮಲಗಿದವರ ಕನಸು ಅವರವರಿಗೇ. ಹದವಾದ ಬಿಸಿಲಿಗೆ ನಮ್ಮವರು ಟವೆಲ್ ತಲೆಯಡಿ ಇಟ್ಟುಕೊಂಡು ಹಾಗೇ ನಿದ್ದೆ ಹೋದರು. ಕೆಳಗೆ ಊರಿನ ಸೂರುಗಳು ಬೇರೆ ಬೇರೆಯಾಗಿ ಕಾಣುತ್ತಿದ್ದವು. ನಾನು ಅವರ ಮುಖದ ಮೇಲೆ ಸೆರಗಿನ ನೆರಳು ಹಿಡಿದು ಕೂತೆ. ರೆಪ್ಪೆಯ ಕೆಳಗೆ ಕಣ್ಣು ಅತ್ತಿತ್ತ ಓಡುತ್ತಿತ್ತು, ತುಟಿ ಸಣ್ಣಗೆ ಅಲುಗುತ್ತಿತ್ತು. ಅವರು ಎಲ್ಲೋ ಇದ್ದರು, ಅಲ್ಲಿ ನಾನಿರಲಿಲ್ಲ. ಏನು ಕಾಣುತ್ತಿದ್ದಾರೆಂದು ತಿಳಿಯುವ ದಾರಿಯೇ ಇರಲಿಲ್ಲ.

ಎಚ್ಚರವಾದಾಗ ಅವರು ಕಣ್ಣುಜ್ಜಿಕೊಂಡು ನನ್ನ ಕಡೆ ಹೊರಳಿದರು. ಕನಸಿನಲ್ಲಿ ನಮ್ಮ ಲಾಡ್ಜಿಗೆ ಆಡಿನ ಹಿಂಡೊಂದು ಬಂದಿತ್ತು ಎಂದು ತಾವಾಗಿಯೇ ಹೇಳತೊಡಗಿದರು. ಎಲ್ಲವೂ ಕುತ್ತಿಗೆಗೆ ಟವೆಲ್ ಹಾಕಿಕೊಂಡು ಬಿಸಿನೀರಿಗೆ ಸಾಲು ನಿಂತಿದ್ದವಂತೆ, ಒಂದು ಮುದಿ ಹೋತ ಮಾತ್ರ ಕನ್ನಡಕ ಹುಡುಕುತ್ತಿತ್ತಂತೆ. ಹೇಳುವ ಹೊತ್ತಿಗೆ ಅವರಿಗೇ ನಗು ಬಂದು ಮಾತು ತುಂಡಾಗುತ್ತಿತ್ತು.

"ಆಮೇಲೆ?" ಎಂದೆ ನಾನು.

"ತಡಿಯೇ, ಹೇಳ್ತೀನಿ," ಎಂದು ಅವರು ಎದ್ದು ಕೂತರು.